ಪಂಪಿನ ಮೇಲಿನ ಮೂರು ಚುಕ್ಕೆ

ಬಿಎಸ್ಸಿ ಮುಗಿಸಿ ಕೆಲಸ ಹುಡುಕುತ್ತಿದ್ದ ವರ್ಷ, ಶಿವಮೊಗ್ಗದಲ್ಲಿ ನಡೆದ ಹಳೇ ಸ್ಪೋರ್ಟ್ಸ್ ಕಾರುಗಳ ಪ್ರದರ್ಶನದಲ್ಲಿ ನನಗೆ ಎರಡು ದಿನದ ಕೆಲಸ ಸಿಕ್ಕಿತ್ತು. ಪ್ರತಿ ಕಾರಿನ ಬಾನೆಟ್ ಎತ್ತಿ, ಭಾಗಗಳೆಲ್ಲ ಮೂಲದವೇ ಎಂದು ನೋಡಿ ಫಾರಂ ತುಂಬಬೇಕು. ಒಂದು ಭಾಗ ಬದಲಾಗಿದ್ದರೂ ಆ ಕಾರಿಗೆ ಮೊದಲ ಬಹುಮಾನವಿಲ್ಲ.

ಭಾನುವಾರ, ಸಾಮಿಲ್ ಮಾಲೀಕರೊಬ್ಬರ ಕೆಂಪು ಕಾರಿನ ವಾಟರ್ ಪಂಪಿನ ಮೇಲೆ ಮೂರು ಸಣ್ಣ ಚುಕ್ಕೆ ಕಂಡವು.

"ಇದೇನು ಸಾರ್?" ಎಂದೆ.

"ಕಂಪನಿ ಮಾರ್ಕು ಮಾರಾಯ, ಇಂಗ್ಲೆಂಡಿಂದು. ಬರ್ಕೋ."

ಹಿಂದೆ ಬಟ್ಟೆ ಹಿಡಿದು ನಿಂತಿದ್ದ ಮೆಕ್ಯಾನಿಕ್ ಸೆಲ್ವರಾಜ್ ಮುಂದೆ ಬಂದರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದು, ಆ ಕೆಲಸ ಹೋದ ಮೇಲೆ ಈ ಕಾರು ನೋಡಿಕೊಳ್ಳುತ್ತಿದ್ದವರು.

"ನನ್ನ ಮಾರ್ಕು ಸಾರ್. ಫ್ಯಾಕ್ಟರೀಲಿ ನಾನು ಮಾಡಿದ ಪ್ರತಿ ಜಾಬಿಗೂ ಹಿಂಗೇ ಪಂಚ್ ಹೊಡೀತಿದ್ದೆ. ಹಳೇ ಪಂಪ್ ಹೋದಾಗ ಹದಿನೈದು ದಿನ ಲೇತ್ ಮುಂದೆ ನಿಂತು ಇದನ್ನ ಮಾಡಿದೀನಿ. ಒಂದು ಹನಿ ಸೋರಲ್ಲ, ನೋಡಿ."

ಸೋರುತ್ತಿರಲಿಲ್ಲ. ನಿಯಮದಂತೆ "ಮೂಲದ್ದಲ್ಲ" ಎಂದು ಬರೆದೆ.

ಮಾಲೀಕರು ಬಾನೆಟ್ಟನ್ನು ದಡಾರನೆ ಮುಚ್ಚಿ ಸೆಲ್ವರಾಜ್ ಕಡೆ ತಿರುಗಿದರು. "ಬಾಯಿಗೊಂದು ವಾಷರ್ ಹಾಕ್ಕೊಳ್ಳೋಕೆ ಆಗ್ಲಿಲ್ವೇನಯ್ಯ? ನಾಳೆಯಿಂದ ಬರಬೇಡ. ಭದ್ರಾವತಿ ಬಸ್ ಹತ್ತು."

ಸೆಲ್ವರಾಜ್ ಬಟ್ಟೆ ಮಡಚಿ ಸೀಟಿನ ಮೇಲಿಟ್ಟರು. ಗೇಟಿನವರೆಗೆ ಹೋದವರು ಮತ್ತೆ ನನ್ನ ಬಳಿ ಬಂದರು.

"ಫಾರಂನಲ್ಲಿ ನನ್ನ ಹೆಸರು ಹಾಕಿದ್ರಾ ಸಾರ್, ಮಾಡಿದೋನು ಅಂತ?"

ಅದಕ್ಕೆ ಕಾಲಂ ಇಲ್ಲ ಎಂದೆ. ಅವರು ತಲೆಯಾಡಿಸಿ ಹೊರಟುಹೋದರು.

ಫಾರಂನ ಕೊನೆಯಲ್ಲಿ 'ವಿಶೇಷ ಷರಾ' ಎಂದು ಐದು ಗೆರೆಯಷ್ಟು ಜಾಗವಿತ್ತು. ಸಮಯ ಉಳಿಯಲಿ ಎಂದು ಎಲ್ಲ ಕಾರುಗಳ ಫಾರಂನಲ್ಲೂ ಅಲ್ಲಿ "ಏನೂ ಇಲ್ಲ" ಎಂದು ನಾನು ಬೆಳಿಗ್ಗೆಯೇ ತುಂಬಿಟ್ಟಿದ್ದೆ.