ನಾಲ್ಕನೇ ಬಳಗದ ಬ್ಯಾಕ್ಟೀರಿಯಾ

1984ರ ಜನವರಿ 8, ಭಾನುವಾರ, ಬೆಳಿಗ್ಗೆ 6.40. ಹಿಂದವಾಡಿಯ ಮನೆಯಿಂದ ಹಲಸಿಗೆ ಹೊರಟೆ ಎಂದು ದಿನಚರಿಯಲ್ಲಿದೆ. ಚೀಲದಲ್ಲಿ ಗಿಡ ಅಗೆಯಲು ಖುರ್ಪಿ, ಹನ್ನೆರಡು ಖಾಲಿ ಸೀಸೆ, ಅವ್ವ ಕಟ್ಟಿದ ರೊಟ್ಟಿ.

ಮಸೂರ ಬೇಳೆಯ ಗಿಡದ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಮಣ್ಣಿನಿಂದ ಬಂದು ಅವುಗಳಲ್ಲಿ ಮನೆ ಮಾಡುವ ಬ್ಯಾಕ್ಟೀರಿಯಾ ಗಿಡಕ್ಕೆ ಗಾಳಿಯ ಸಾರಜನಕ ಉಣಿಸುತ್ತವೆ. ಪುಸ್ತಕದ ಪ್ರಕಾರ ಅವೆಲ್ಲ ಒಂದೇ ಪ್ರಭೇದ. ಆ ಒಂದರೊಳಗೆ ಎಷ್ಟು ಬಳಗಗಳಿವೆ ಎಂದು ನೋಡುವುದೇ ನನ್ನ ಕಾಲೇಜಿನ ಪ್ರಬಂಧ. ಡಿಸೆಂಬರಿನಲ್ಲಿ ಖಾನಾಪುರದ ಹೊಳೆದಂಡೆಯ ಹೊಲದಿಂದ 18, ಹಲಸಿಯ ಹೊಲದಿಂದ 18 ಗಂಟು ತಂದಿದ್ದೆ. ಒಂದೊಂದರ ಬ್ಯಾಕ್ಟೀರಿಯಾವನ್ನೂ ಸೂಜಿಯ ತುದಿಯಿಂದ ಬೇರೆ ಬೇರೆ ಸೀಸೆಗೆ ಹಾಕಿ ಬೆಳೆಸಿ, ಎಂಟು ಆ್ಯಂಟಿಬಯೋಟಿಕ್‌ಗಳಲ್ಲಿ ಯಾವುದಕ್ಕೆ ಬದುಕಿತು, ಯಾವುದಕ್ಕೆ ಸತ್ತಿತು ಎಂದು ಗುರುತು ಹಾಕಿದೆ. ಗುರುತುಗಳು ಹೊಂದಿದವೆಲ್ಲ ಒಂದು ಬಳಗ. ಒಟ್ಟು ಒಂಬತ್ತಾದವು.

ಎಂಟು ಬಳಗಗಳು ತಮ್ಮ ತಮ್ಮ ಊರಲ್ಲೇ ಇದ್ದವು. ನಾಲ್ಕನೆಯದು ಮಾತ್ರ ಎರಡೂ ಕಡೆ: ಖಾನಾಪುರದ 5, ಹಲಸಿಯ 4.

ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದ ಸರ್ ಈ ಗುರುತುಗಳ ಕೋಷ್ಟಕದ ತಖ್ತೆ ನೋಡಿದವರೇ, “ಸೂಜಿ ಕೆಂಪಗ ಕಾಯಿಸದ ಒಂದರಾಗಿಂದು ಇನ್ನೊಂದರಾಗ ಅದ್ದೀದಿ. ಹಲಸೀದು ಮತ್ತ ತಾ. ಈ ಸಲ ನಾಲ್ಕನೇದು ಬರಲಿಲ್ಲಂದ್ರ ಇಡೀ ತಖ್ತೆ ರದ್ದು” ಎಂದರು. ಇಡೀ ತಿಂಗಳ ಕೆಲಸ!

ಹಲಸಿಯ ಹೊಲದಲ್ಲಿ ಆ ಮನೆಯ ಅಜ್ಜಿ, ಸೊಸೆ ಇಬ್ಬರೂ ಇದ್ದರು.

“ಮತ್ತ ಬಂದ್ಯಾ ತಂಗಿ? ನಮ್ಮ ಗಿಡ ಒಂದರ ಬಿಡ್ತೀಯೋ ಇಲ್ಲೋ?” ಎಂದರು ಅಜ್ಜಿ.

ನನ್ನ ಫಜೀತಿ ಹೇಳಿದೆ. ಖಾನಾಪುರದ ಹೊಳೆದಂಡೆಯ ಹೊಲ ಎಂದ ಕೂಡಲೇ ಸೊಸೆ ನಕ್ಕಳು. “ಅದು ನಮ್ಮ ತವರುಮನಿ ಹೊಲರೀ ಅಕ್ಕಾರ.”

“ಎಲ್ಲಾರೂ ತವರಿಂದ ಸೀರಿ ತರತಾರ, ಈಕಿ ಮಣ್ಣ ತರಿಸ್ಯಾಳ!” ಎಂದರು ಅಜ್ಜಿ. “ಈಕಿ ಬಂದ ಮೊದಲನೇ ವರ್ಷ ನಮ್ಮ ಮಸೂರ ಹಳದಿ ಹೊಡದ ನಿಂತಿತ್ತು. ಇವರಣ್ಣ ಎತ್ತಿನ ಚಕ್ಕಡ್ಯಾಗ ಎರಡ ಚೀಲ ಮಣ್ಣ ಹೇರಿಕೊಂಡ ಬಂದು ಇಲ್ಲಿ ಚೆಲ್ಲಿದ.”

“ಸೀರಿ ತಂದಿದ್ರ ಇಷ್ಟೊತ್ತಿಗೆ ಹರದ ಹೋಗಿರತಿತ್ತಲ್ಲ ಅತ್ತಿ?” ಎಂದಳು ಸೊಸೆ.

ಬಸ್ಸಿನಲ್ಲಿ ಒಂದೊಂದು ಗಂಟು ಹಾಕಿದ ಹನ್ನೆರಡೂ ಸೀಸೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಕಾಲೇಜಿನಲ್ಲಿದ್ದ ಖಾನಾಪುರದ ಸೀಸೆಗಳನ್ನು ಬೇರೆ ಕೋಣೆಗೆ ಸಾಗಿಸಿದೆ. ಪ್ರತಿ ಸಲ ಸೂಜಿ ಕೆಂಪಗೆ ಕಾಯಿಸಿ, ಆರಲೆಂದು ಹತ್ತು ಎಣಿಸಿದೆ.

ಜನವರಿ 19, ಸಂಜೆ 4.15: ಹನ್ನೆರಡರಲ್ಲಿ ಮೂರು, ನಾಲ್ಕನೇ ಬಳಗ.

“ಗುರುತು ಹೊಂದಿದ್ರ ಒಂದೇ ವಂಶ ಅಂತ ಖಾತ್ರಿ ಇಲ್ಲ,” ಎಂದರು ಸರ್. “ಆದ್ರ ಸೂಜಿದು ತಪ್ಪಿಲ್ಲ. ಆ ಚಕ್ಕಡಿ ಸುದ್ದೀನೂ ಪ್ರಬಂಧದಾಗ ಬರಿ.” ತಖ್ತೆ ಉಳಿಯಿತು.

ಒಂದು ಚಕ್ಕಡಿಯಿಂದ ಹೆಚ್ಚು ಹೇಳಲಾಗದು. ನಿಮ್ಮ ಕಡೆಯೂ ಹೀಗೆ ಹೊಲದಿಂದ ಹೊಲಕ್ಕೆ ಮಣ್ಣು ಒಯ್ದದ್ದುಂಟೇ? ಎಲ್ಲಿಂದ ಎಲ್ಲಿಗೆ, ಯಾವ ವರ್ಷ, ಎಷ್ಟು ಚೀಲ ಎಂದು ಗೊತ್ತಿದ್ದವರು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಖುರ್ಪಿ ತೊಳೆದಿಟ್ಟಿದ್ದೇನೆ.