ಅಕ್ಕನ ಕಾಫಿ ನಿಲ್ಲಿಸಿದ್ದು

ಅಕ್ಕನನ್ನು ಕುಣಿಗಲ್ಲಿಗೆ ಕೊಟ್ಟಿದ್ದೆವು. ಎಂಬತ್ತರ ದಶಕದ ಆರಂಭದಲ್ಲಿ ಅವಳ ಮೂರು ವರ್ಷದ ಮಗಳು ನಾಲ್ಕೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ತಿಂಗಳಾದ ಮೇಲೆ ಭಾವ ಅಕ್ಕನನ್ನು ತುಮಕೂರಿಗೆ, ಸದಾಶಿವನಗರದ ನಮ್ಮ ಬಾಡಿಗೆ ಮನೆಗೆ ಕರೆತಂದು, "ಸ್ವಲ್ಪ ದಿನ ಅಮ್ಮನ ಹತ್ರ ಇರ್ಲಿ" ಅಂದು ಬಿಟ್ಟುಹೋದರು.

ಅಕ್ಕ ಅಳುತ್ತಿರಲಿಲ್ಲ. ಅಕ್ಕಿ ಆರಿಸುತ್ತ ಕೂತವಳು ಇದ್ದಕ್ಕಿದ್ದಂತೆ ಉದ್ದಕ್ಕೆ ನಿಟ್ಟುಸಿರು ಬಿಡುತ್ತಿದ್ದಳು. ಗಂಟಲಲ್ಲಿ ಏನೋ ಉಂಡೆ ಸಿಕ್ಕಿಕೊಂಡಿದೆ, ಅನ್ನ ಇಳಿಯಲ್ಲ ಅನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ಬಾಯೊಳಗೆ ಟಾರ್ಚು ಬಿಟ್ಟು ನೋಡಿ ಏನೂ ಇಲ್ಲ ಅಂದರು.

ನಾನಾಗ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸದಲ್ಲಿದ್ದೆ. ಜೊತೆಗಿದ್ದವನೊಬ್ಬ ಗುಬ್ಬಿಯವನು. ತಮ್ಮೂರಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಹೋಮಿಯೋಪತಿ ಕೊಡುತ್ತಾರೆ, ದುಃಖಕ್ಕೂ ಮಾತ್ರೆ ಇದೆ ಅಂದ. ಭಾನುವಾರ ಒಬ್ಬನೇ ಗುಬ್ಬಿ ಬಸ್ಸು ಹತ್ತಿದೆ. ಅಕ್ಕನನ್ನು ಕರೆದೊಯ್ದರೆ ಬಸ್ಸಿನಲ್ಲಿ ಅವಳ ಪಕ್ಕ ಅಷ್ಟು ಹೊತ್ತು ಕೂತು ಏನು ಮಾತಾಡಲಿ ಅನ್ನುವ ಹೆದರಿಕೆ ನನಗೆ.

ಮೇಷ್ಟ್ರು ಔಷಧಿಯ ಮಾತೇ ಎತ್ತದೆ ಪ್ರಶ್ನೆ ಕೇಳಲು ಶುರುಮಾಡಿದರು. "ಒಬ್ಬರೇ ಇದ್ದಾಗ ಅಳ್ತಾರಾ? ಸಮಾಧಾನ ಹೇಳಿದ್ರೆ ಸಿಟ್ಟು ಬರುತ್ತಾ? ಯಾರ ಹತ್ರ ಮಾತಾಡ್ತಾರೆ?"

ನನಗೆ ಒಂದೂ ಗೊತ್ತಿರಲಿಲ್ಲ. ಹಾಗನ್ನಲು ನಾಚಿಕೆಯಾಗಿ, "ಯಾರ ಹತ್ರಾನೂ ಮಾತಾಡಲ್ಲ ಮೇಷ್ಟ್ರೇ" ಅಂದೆ.

"ಅವರನ್ನೇ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು."

"ಪ್ರಯಾಣ ಆಗಲ್ಲ ಅವಳಿಗೆ" ಎಂದು ಸುಳ್ಳು ಹೇಳಿದೆ.

ಅವರು ಸಣ್ಣ ಸೀಸೆಯಲ್ಲಿ ಸಾಸಿವೆಯಷ್ಟು ಬಿಳಿ ಗುಳಿಗೆ ತುಂಬಿ, ನಾಲ್ಕು ಹನಿ ಔಷಧಿ ಬಿಟ್ಟು ಕುಲುಕಿದರು. "ಇಗ್ನೇಷಿಯಾ ಅಂತ. ಸಮುದ್ರದಾಚೆ ಯಾವುದೋ ದ್ವೀಪದ ಬಳ್ಳಿ, ಅದರ ಬೀಜದಿಂದ ಮಾಡ್ತಾರೆ. ಕೊಡೋವಾಗ ಕಾಫಿ ಮಾತ್ರ ಬೇಡ, ಗುಣ ಕೆಡುತ್ತೆ" ಅಂದರು.

ಆ ಒಂದು ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ಹೊತ್ತು ಗುಳಿಗೆ ಎಣಿಸಿ ಅಕ್ಕನ ನಾಲಿಗೆ ಮೇಲೆ ಹಾಕುವುದು, ಅವಳು ಕಾಫಿ ಕುಡಿಯದಂತೆ ಕಾಯುವುದು, ಇಷ್ಟು ಮಾಡಿದರೆ ತಮ್ಮನ ಕೆಲಸ ಮುಗಿಯಿತು ಅಂದುಕೊಂಡೆ. ಒಂದು ಸಂಜೆ ಬೇಗ ಬಂದಾಗ ಹಿತ್ತಲ ಮೆಟ್ಟಿಲ ಮೇಲೆ ಅಮ್ಮ, ಅಕ್ಕ ಕೂತಿದ್ದರು. ಅಕ್ಕನ ಕೈಯಲ್ಲಿ ಲೋಟ.

"ಅರ್ಧ ಲೋಟ ಕಣೋ, ನಾನೇ ಕೊಟ್ಟೆ" ಅಂದಳು ಅಮ್ಮ.

"ಹಂಗಾದ್ರೆ ನಾನು ಗುಬ್ಬೀಗೆ ಹೋಗಿದ್ದು ದಂಡ ಬುಡು" ಎಂದು ರೇಗಿದೆ. ಅಕ್ಕ ಎದ್ದು ಕಾಫಿಯನ್ನು ಬಚ್ಚಲಿಗೆ ಸುರಿದು ಬಂದಳು. ಮಗಳೆದುರು ತಾನೊಬ್ಬಳೇ ಕುಡಿಯಲಾಗದೆ ಅಮ್ಮನೂ ಸಂಜೆಯ ಕಾಫಿ ಬಿಟ್ಟಳು. ಇಬ್ಬರೂ ಹಿತ್ತಲಲ್ಲಿ ಕೂರುವುದು ನಿಂತಿತು.

ಮೂರು ತಿಂಗಳಾದ ಮೇಲೆ ಅಕ್ಕ ಕುಣಿಗಲ್ಲಿಗೆ ವಾಪಸ್ ಹೋದಳು. ಊಟ ಸೇರುತ್ತಿತ್ತು. ಗುಳಿಗೆಯಿಂದಲೋ ದಿನ ಕಳೆದಿದ್ದರಿಂದಲೋ ಗೊತ್ತಿಲ್ಲ. ಗುಣವಾಯಿತು ಎಂದು ನಾನು ವರ್ಕ್‌ಶಾಪಿನಲ್ಲೆಲ್ಲ ಹೇಳಿಕೊಂಡೆ.

ಕೆಲವು ವರ್ಷಗಳಾದ ಮೇಲೆ ಅಮ್ಮ ತೀರಿಕೊಂಡಳು. ಆಮೇಲೊಮ್ಮೆ ಕುಣಿಗಲ್ಲಿಗೆ ಹೋಗಿದ್ದಾಗ ಅಕ್ಕ ಬಟ್ಟೆ ಮಡಚುತ್ತ, ಸಿಟ್ಟಿಲ್ಲದೆ, ಸುಮ್ಮನೆ ನೆನಪಾದದ್ದು ಹೇಳುವ ಹಾಗೆ ಹೇಳಿದಳು: "ಅವಾಗ ಕಾಫಿ ನಿಲ್ಲಿಸ್ಬಿಟ್ಟೆ ನೋಡು ನೀನು. ಆ ಹೊತ್ತಲ್ಲೇ ಕಣೋ ಅಮ್ಮ ಮಗು ಮಾತು ತೆಗೀತಿದ್ದಿದ್ದು. ಮಿಕ್ಕೋರೆಲ್ಲ ಅವಳ ಹೆಸರೂ ಎತ್ತುತಿರ್ಲಿಲ್ಲ."

"ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?"

"ನೀನು ಅಷ್ಟು ದೂರ ಹೋಗಿ ತಂದಿದ್ದೆ. ಹೆಂಗೆ ಹೇಳ್ಲಿ?"

ನಾನೂ ಒಂದು ಬಟ್ಟೆ ತೆಗೆದುಕೊಂಡು ಮಡಚತೊಡಗಿದೆ. ಆಮೇಲೆ, ಅಷ್ಟು ವರ್ಷದಲ್ಲಿ ಮೊದಲ ಸಲ, ಮಗುವಿನ ವಿಷಯ ಏನಾದರೂ ಹೇಳು ಅಂದೆ. ಅಕ್ಕನ ಮುಖ ಅರಳಿತು. ಮಗಳು ಅಪ್ಪನ ಚಪ್ಪಲಿ ಹಾಕಿಕೊಂಡು ಮನೆಯೆಲ್ಲ ಎಳೆದಾಡುತ್ತಿದ್ದಳಂತೆ. ಚಪ್ಪಲಿಗೆ ತಾನೇ ಒಂದು ಹೆಸರಿಟ್ಟಿದ್ದಳಂತೆ.

"ಏನಂತಿದ್ಲು?"

ಅಕ್ಕ ಹೇಳಲು ಬಾಯಿ ತೆರೆದವಳು ಅಲ್ಲೇ ತಡೆದಳು. ಎರಡು ಮೂರು ಶಬ್ದ ಹೇಳಿ ನೋಡಿ, ಅದಲ್ಲ ಎಂದು ತಲೆಯಾಡಿಸಿದಳು. "ಅಮ್ಮಂಗೆ ಗೊತ್ತಿತ್ತು" ಅಂದಳು.