ಮೊದಲ ಬೋಗಿಯವರು ನೆಂದ ದಿನ

ಇಂಗ್ಲೆಂಡಿನ ಕಾರ್ಲೈಲ್ ಎಂಜಿನ್ ಶೆಡ್ಡಿನಲ್ಲಿ ಡ್ರೈವರ್ ಹೆರಾಲ್ಡ್ ಬರ್ಕೆಟ್‌ನಿಗೆ ಬೆನ್ನ ಹಿಂದೆ ಇದ್ದ ಹೆಸರು ‘ಬಿಷಪ್’. ನಲವತ್ಮೂರು ವರ್ಷದ ಸರ್ವಿಸಿನಲ್ಲಿ ಒಂದೇ ಒಂದು ಕಪ್ಪುಚುಕ್ಕೆ ಇಲ್ಲವೆಂದು ಅವನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ದಿನವಿಡೀ ಮಸಿಯಲ್ಲಿ ಮುಳುಗಿರುವವರ ನಡುವೆ ಅದೊಂದು ಸಾಧನೆಯೇ.

1963ರ ಹೊತ್ತಿಗೆ ಎಕ್ಸ್‌ಪ್ರೆಸ್ಸುಗಳು ಡೀಸೆಲ್ ಪಾಲಾಗಿದ್ದವು. ಡೀಸೆಲ್ ಕೆಟ್ಟು ನಿಂತ ದಿನ ಮಾತ್ರ ಹೆರಾಲ್ಡ್‌ನ ಹಳೆಯ ಉಗಿ ಎಂಜಿನ್ನಿಗೆ ಕರೆ. ಜೂನ್‌ನಲ್ಲಿ ಹಾಗೊಂದು ಕರೆ ಬಂದಾಗ ಅವನು ಅದರ ಹಿತ್ತಾಳೆಯ ಹೆಸರುಫಲಕವನ್ನು ಸ್ವಂತ ಕರವಸ್ತ್ರದಲ್ಲಿ ಒರೆಸಿ ಲಂಡನ್ ಗಾಡಿ ಹೊರಡಿಸಿದ. ಫೈರ್‌ಮನ್ ಲೆಸ್ ಇರ್ವಿಂಗ್ ಕಲ್ಲಿದ್ದಲು ತುಂಬುತ್ತಿದ್ದ. ವಯಸ್ಸು ನಲವತ್ತರ ಹತ್ತಿರ. ಬರುವ ತಿಂಗಳು ಅವನಿಗೆ ಡ್ರೈವರ್ ಪರೀಕ್ಷೆ.

ಟೀಬೇ ಬಳಿ ಹಳಿಗಳ ನಡುವೆ ಉದ್ದಕ್ಕೆ ನೀರಿನ ತೊಟ್ಟಿ. ಗಾಡಿ ನಿಲ್ಲಿಸದೆ, ಕೆಳಗೆ ದೊಡ್ಡ ಸೌಟು ಇಳಿಸಿ ಓಟದಲ್ಲೇ ನೀರು ಮೊಗೆಯಬೇಕು. ಎಂಜಿನ್ ಹಿಂದಿನ ಟ್ಯಾಂಕ್ ತುಂಬಿ ಉಕ್ಕುವ ಮುಂಚೆ ಎತ್ತಬೇಕು. ಎತ್ತುವುದು ಫೈರ್‌ಮನ್ ಕೆಲಸ. ಆದರೆ ಬಿಷಪ್ಪರ ಗಾಡಿಯಲ್ಲಿ ಅಪ್ಪಣೆಯಿಲ್ಲದೆ ಸೌಟು ಅಲುಗುವಂತಿರಲಿಲ್ಲ.

ಸೌಟು ಇಳಿದಿತ್ತು. ಅಷ್ಟರಲ್ಲಿ ದಿಬ್ಬದ ಮೇಲೆ ಕ್ಯಾಮೆರಾ ಹಿಡಿದವನೊಬ್ಬ ಕಂಡ. ಹೆರಾಲ್ಡ್ ಟೋಪಿ ಸರಿಮಾಡಿಕೊಂಡು, ಗದ್ದ ಎತ್ತಿ ಹೊರಗೆ ಬಾಗಿದ.

“ಹೆರಾಲ್ಡ್, ತುಂಬ್ತು ಕಣಪ್ಪ,” ಎಂದ ಲೆಸ್.

“ನಾ ಹೇಳೋವರ್ಗೂ ಮುಟ್ಬೇಡ.”

“ಸಾಕು, ತುಂಬ್ತು ಅಂದ್ನಲ್ಲ.”

ಗದ್ದ ಇಳಿಯಲಿಲ್ಲ. ಟ್ಯಾಂಕು ಉಕ್ಕಿತು, ಸೆಕೆಗೆಂದು ಕಿಟಕಿ ತೆರೆದಿದ್ದ ಮೊದಲ ಬೋಗಿಯವರಿಗೆಲ್ಲ ಸ್ನಾನವಾಯಿತು. ಒಬ್ಬ ಪಾದ್ರಿಯ ಸ್ಯಾಂಡ್‌ವಿಚ್ಚಿಗೆ ದೀಕ್ಷಾಸ್ನಾನವೇ ಆಯಿತು.

ಪ್ರೆಸ್ಟನ್ ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರ್ ಬಂದ. “ಯಾರ ಕೆಲ್ಸ ಇದು?”

ಹೆರಾಲ್ಡ್ ಕರವಸ್ತ್ರ ಮಡಿಚುತ್ತ, “ಸೌಟು ಫೈರ್‌ಮನ್ ಕೈಲಿರತ್ತೆ ಸಾರ್,” ಎಂದ. ಸುಳ್ಳೇನಲ್ಲ, ಆ ಮಾತಿನ ಹೊಲಸೇ ಅದು. ಜೊತೆಯವನ ಮೇಲೆ ದೂರು ಹೇಳುವ ರೂಢಿ ಆ ಶೆಡ್ಡಿನಲ್ಲಿರಲಿಲ್ಲ. ಅದಕ್ಕೇ ಲೆಸ್ ಹೆರಾಲ್ಡ್‌ನನ್ನೊಮ್ಮೆ ನೋಡಿ ಸಲಿಕೆ ಎತ್ತಿಕೊಂಡ.

ಲೆಸ್‌ನ ಪರೀಕ್ಷೆ ಒಂದು ವರ್ಷ ಮುಂದಕ್ಕೆ ಹೋಯಿತು. ಅವನಿಗಿಂತ ಚಿಕ್ಕವರು ಡ್ರೈವರುಗಳಾದರು. ಅವನು ಮಾತ್ರ ಎಂದಿನಂತೆ ಬೆಂಕಿಗೆ ಹಿಡಿದ ಸಲಿಕೆಯ ಮೇಲೆ ಹಂದಿಮಾಂಸದ ಬೇಕನ್ ಹುರಿದು, ಗರಿಗರಿ ತುಂಡನ್ನು ಹೆರಾಲ್ಡ್‌ಗೇ ಕೊಡುತ್ತಿದ್ದ. ಬೈದಿದ್ದರೆ ನುಂಗಿಕೊಳ್ಳಬಹುದಿತ್ತು. ಬೇಕನ್ ನುಂಗುವುದು ಕಷ್ಟವಾಯಿತು.

ಮರುವರ್ಷ ಜೂನ್ ತಿಂಗಳಲ್ಲಿ ಹೆರಾಲ್ಡ್ ನಿವೃತ್ತನಾದ. ಬೀಳ್ಕೊಡುಗೆಗೆ ‘ಕಳಂಕವಿಲ್ಲದ ಸೇವೆ’ ಎಂದು ಕೆತ್ತಿಸಿದ ಗಡಿಯಾರ. ನಾಲ್ಕು ಹಾಳೆ ಭಾಷಣ ಬರೆದು ತಂದಿದ್ದವನು ಅದನ್ನು ತೆರೆಯಲೇ ಇಲ್ಲ.

“ಟೀಬೇಲಿ ಲೆಸ್ ಎರಡು ಸಲ ಹೇಳಿದ್ದ. ಎತ್ತೋಕೆ ಬಿಡದೆ ಇದ್ದೋನು ನಾನು.”

ಯಾರೂ ಬೆಚ್ಚಲಿಲ್ಲ. ಹಿಂದಿನ ಬೆಂಚಿನಿಂದ ಹಳೆಯ ಡ್ರೈವರೊಬ್ಬ, “ಶೆಡ್ಡಿನ ಬೆಕ್ಕಿಗೂ ಗೊತ್ತಿತ್ತು, ಬಿಷಪ್ಪೇ. ನೀನೇ ಹೇಳ್ತೀಯೇನೋ ಅಂತ ಕಾದ್ವಿ,” ಎಂದ. ಆ ಹೆಸರನ್ನು ಮುಖದೆದುರು ಕೇಳಿದ್ದು ಹೆರಾಲ್ಡ್‌ಗೆ ಅದೇ ಮೊದಲು.

“ಬರೋ ತಿಂಗ್ಳು ಪರೀಕ್ಷೆ ಇದೆ ನಂಗೆ,” ಎಂದ ಲೆಸ್. “ಕೂತ್ಕೋ, ಚಹ ಆರತ್ತೆ.”

ಗಡಿಯಾರವನ್ನು ಹೆಂಡತಿ ಮುಂದಿನ ಕೋಣೆಯಲ್ಲಿಟ್ಟಿದ್ದಾಳೆ. ಅದು ಗಂಟೆ ಹೊಡೆದಾಗಲೆಲ್ಲ ಹೆರಾಲ್ಡ್ ಹಿತ್ತಿಲಿಗೆ ಹೋಗಿ ಈರುಳ್ಳಿ ಪಾತಿಗೆ ನೀರು ಹಾಕುತ್ತಾನೆ.

“ಸಾಕು, ತುಂಬ್ತು,” ಎನ್ನುತ್ತಾಳೆ ಅವಳು ಅಡುಗೆಮನೆಯಿಂದ.

ಈಗ ಅವನು ಒಂದೇ ಮಾತಿಗೆ ನಿಲ್ಲಿಸುತ್ತಾನೆ.